ಮಗು ಹಿಂದಿನ ಸೀಟಿನಲ್ಲಿದೆ: ಸೆನೆಟರ್ ಜಾನ್ ಕ್ರೌನ್, ಕಾರಿನೊಳಗಿನ ಹೊಗೆ, ಐರ್ಲೆಂಡಿನ ರಸ್ತೆ – ಪದೇ ಪದೇ ಕೇಳುವ ಪ್ರಶ್ನೆಗಳು

ಐರ್ಲೆಂಡಿನಲ್ಲಿ ಮಕ್ಕಳು ಕೂತಿರುವ ಕಾರಿನೊಳಗೆ ಸಿಗರೇಟು ಸೇದುವ ಹಾಗಿಲ್ಲ. ಈ ಕಾನೂನಿನ ಮೊದಲ ಕರಡು ಸರ್ಕಾರದ ಕಚೇರಿಯಿಂದ ಬಂದದ್ದಲ್ಲ. ಮೇಲ್ಮನೆಯಲ್ಲಿದ್ದ ಒಬ್ಬ ಕ್ಯಾನ್ಸರ್ ಡಾಕ್ಟರು ಇನ್ನಿಬ್ಬರು ಸೆನೆಟರ್‌ಗಳ ಜೊತೆ ಸೇರಿ ತಂದದ್ದು. ಡಬ್ಲಿನ್‌ಗೆ ಕೆಲಸಕ್ಕೆ ಬಂದ ನಮ್ಮವರು ಈ ಬಗ್ಗೆ ಕೇಳುತ್ತಲೇ ಇರುತ್ತಾರೆ. ಊರಿನ ಗೆಳೆಯರಿಗೂ ಕುತೂಹಲ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಯಾರು ಈ ಜಾನ್ ಕ್ರೌನ್?

ಡಬ್ಲಿನ್‌ನ ಸೇಂಟ್ ವಿನ್ಸೆಂಟ್ಸ್ ಯೂನಿವರ್ಸಿಟಿ ಆಸ್ಪತ್ರೆಯ ಕ್ಯಾನ್ಸರ್ ತಜ್ಞರು. ಹುಟ್ಟಿದ್ದು ನ್ಯೂಯಾರ್ಕ್‌ನಲ್ಲಿ. ಐರ್ಲೆಂಡಿನಲ್ಲಿ ಕ್ಯಾನ್ಸರ್ ಔಷಧಿಗಳ ಟ್ರಯಲ್ ನಡೆಸುವ ತಂಡ ಕಟ್ಟಿದವರು. ಸೆನೆಟರ್ ಆಗುವ ಮೊದಲೇ ಅವರ ಹೆಸರು ಮನೆಮಾತಾಗಿತ್ತು. ಟಿವಿ, ಪತ್ರಿಕೆ, ರೇಡಿಯೋ ಎಲ್ಲ ಕಡೆ ಆಸ್ಪತ್ರೆಗಳ ಸ್ಥಿತಿಯ ಬಗ್ಗೆ ಮುಲಾಜಿಲ್ಲದೆ ಮಾತಾಡುತ್ತಿದ್ದರು. 2011ರಲ್ಲಿ ನ್ಯಾಷನಲ್ ಯೂನಿವರ್ಸಿಟಿ ಆಫ್ ಐರ್ಲೆಂಡ್‌ನ ಪದವೀಧರರು ಅವರನ್ನು ಮೇಲ್ಮನೆಗೆ ಆರಿಸಿದರು. ಯಾವ ಪಕ್ಷಕ್ಕೂ ಸೇರಿರಲಿಲ್ಲ. 2016ರವರೆಗೆ ಇದ್ದರು.

ಕೈತುಂಬಾ ಕೆಲಸ ಇರುವ ಡಾಕ್ಟರಿಗೆ ಮೇಲ್ಮನೆ ಯಾಕೆ ಬೇಕಿತ್ತು?

ಶ್ವಾಸಕೋಶದ ಕ್ಯಾನ್ಸರ್ ಇರುವವರು ಡಾಕ್ಟರ ಮುಂದೆ ಬಂದು ಕೂರುವ ಹೊತ್ತಿಗೆ ಅವರ ಕಥೆ ಬಹಳ ಮುಂದೆ ಹೋಗಿರುತ್ತದೆ. ಮೂವತ್ತು ನಲವತ್ತು ವರ್ಷದ ಸಿಗರೇಟು ಆಗಲೇ ತನ್ನ ಕೆಲಸ ಮುಗಿಸಿರುತ್ತದೆ. ಕೀಮೋ ಕೊಡಬಹುದು, ನೋವು ಕಡಿಮೆ ಮಾಡಬಹುದು. ಆದರೆ ಹದಿನಾರನೇ ವಯಸ್ಸಿನಲ್ಲಿ ಹಚ್ಚಿದ ಮೊದಲ ಸಿಗರೇಟನ್ನು ಆರಿಸುವುದಕ್ಕೆ ಆಸ್ಪತ್ರೆಯಿಂದ ಆಗುವುದಿಲ್ಲ. ಅದಕ್ಕೆ ಕಾನೂನು ಬೇಕು. ಕ್ರೌನ್ ಅವರ ಇಡೀ ಸೆನೆಟ್ ಕೆಲಸವನ್ನು ನಾನು ಹೀಗೇ ಓದಿಕೊಂಡಿದ್ದೇನೆ.

ಇನ್ನೊಂದು ಸಿಟ್ಟೂ ಅವರಿಗಿತ್ತು. ಐರ್ಲೆಂಡಿನಲ್ಲಿ ಚಿಕಿತ್ಸೆಗೆ ಎರಡು ಕ್ಯೂ. ಖಾಸಗಿ ವಿಮೆ ಇದ್ದವರಿಗೆ ಬೇಗ, ಇಲ್ಲದವರಿಗೆ ನಿಧಾನ. ಜರ್ಮನಿಯಂಥ ದೇಶಗಳಲ್ಲಿರುವ ಹಾಗೆ ಎಲ್ಲರಿಗೂ ಒಂದೇ ಬಗೆಯ ಆರೋಗ್ಯ ವಿಮೆ ಬರಲಿ ಎನ್ನುವುದು ಅವರ ವಾದ. ಮೇಲ್ಮನೆಯ ಆರೋಗ್ಯ ಚರ್ಚೆಗಳಲ್ಲಿ ಅವರು ಈ ಮಾತಿಗೆ ಮತ್ತೆ ಮತ್ತೆ ಬರುತ್ತಿದ್ದರು.

ಡಾಕ್ಟರು ಸೆನೆಟರ್ ಆಗುವುದು ಅಲ್ಲಿ ಹೊಸದೇನಲ್ಲ. 1922ರಲ್ಲಿ ಶುರುವಾದ ಮೊದಲ ಸೆನೆಟ್‌ನಲ್ಲಿ ಕವಿ ಡಬ್ಲ್ಯೂ. ಬಿ. ಯೇಟ್ಸ್ ಇದ್ದರು. ಅವರ ಜೊತೆಗೆ ಕಿವಿ-ಮೂಗು-ಗಂಟಲು ಸರ್ಜನ್ ಆಲಿವರ್ ಸೇಂಟ್ ಜಾನ್ ಗೋಗರ್ಟಿಯೂ ಇದ್ದರು. ಆರೋಗ್ಯ ಮಂತ್ರಿಯಾಗಿ ಕ್ಷಯದ ವಿರುದ್ಧ ಹೋರಾಡಿದ ಡಾಕ್ಟರ್ ನೋಯೆಲ್ ಬ್ರೌನ್ ಕೂಡ 1970ರ ದಶಕದಲ್ಲಿ ಕೆಲವು ವರ್ಷ ಸೆನೆಟರ್ ಆಗಿದ್ದರು.

ಐರಿಷ್ ಮೇಲ್ಮನೆ ನಮ್ಮ ವಿಧಾನ ಪರಿಷತ್ತಿನ ಹಾಗೇನಾ?

ಬಹಳ ಮಟ್ಟಿಗೆ ಹೌದು. ಅದರ ಐರಿಷ್ ಹೆಸರು ಶ್ಯಾನಡ್. ಡಬ್ಲಿನ್‌ನ ಕಿಲ್ಡೇರ್ ಬೀದಿಯ ಲೆನ್‌ಸ್ಟರ್ ಹೌಸ್‌ನಲ್ಲಿ ಸೇರುತ್ತದೆ. ಒಟ್ಟು 60 ಸದಸ್ಯರು. 43 ಜನರನ್ನು ಕೃಷಿ, ಕಾರ್ಮಿಕ, ಶಿಕ್ಷಣ ಹೀಗೆ ಐದು ವೃತ್ತಿ ಗುಂಪುಗಳ ಹೆಸರಿನಲ್ಲಿ ಆರಿಸುತ್ತಾರೆ. ವೋಟು ಹಾಕುವವರು ಮಾತ್ರ ಸ್ಥಳೀಯ ಕೌನ್ಸಿಲರ್‌ಗಳು ಮತ್ತು ಸಂಸತ್ತಿನ ಸದಸ್ಯರು. 6 ಜನ ವಿಶ್ವವಿದ್ಯಾಲಯಗಳ ಪದವೀಧರರಿಂದ ಬರುತ್ತಾರೆ. 11 ಜನರನ್ನು ಪ್ರಧಾನಿ ನಾಮಕರಣ ಮಾಡುತ್ತಾರೆ. ಪ್ರಧಾನಿಗೆ ಅಲ್ಲಿ ಟೀಶಕ್ ಎನ್ನುತ್ತಾರೆ.

ಈಗ ನಮ್ಮ ಪರಿಷತ್ತು ನೋಡಿ. 75 ಸ್ಥಾನ. ಸ್ಥಳೀಯ ಸಂಸ್ಥೆಗಳಿಂದ 25, ವಿಧಾನಸಭೆಯಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7, ನಾಮಕರಣ 11. ಪದವೀಧರ ಕ್ಷೇತ್ರ ಇಬ್ಬರಲ್ಲೂ ಇದೆ. ನಾಮಕರಣದ ಸಂಖ್ಯೆ ಕೂಡ ಒಂದೇ. ನಮ್ಮ ಸಂವಿಧಾನ ಬರೆದವರು 1937ರ ಐರಿಷ್ ಸಂವಿಧಾನವನ್ನು ಗಮನವಿಟ್ಟು ಓದಿದ್ದರು. ರಾಜ್ಯ ನೀತಿಯ ನಿರ್ದೇಶಕ ತತ್ವಗಳನ್ನು ಅಲ್ಲಿಂದಲೇ ತೆಗೆದುಕೊಂಡರು. ಪರಿಷತ್ತಿನ ಪದವೀಧರ ಚುನಾವಣೆಯಲ್ಲಿ ವೋಟು ಹಾಕಿದವರಿಗೆ ಕ್ರೌನ್ ಹೇಗೆ ಗೆದ್ದರು ಎನ್ನುವುದು ತಕ್ಷಣ ಅರ್ಥ ಆಗುತ್ತದೆ.

ಮೇಲ್ಮನೆಗೆ ಅಧಿಕಾರ ಇದೆಯಾ, ಅಥವಾ ಬರೀ ಮಾತಾ?

ಅಧಿಕಾರ ಕಡಿಮೆ. ಕೆಳಮನೆ ಪಾಸು ಮಾಡಿದ ಬಿಲ್ಲನ್ನು ಶ್ಯಾನಡ್ 90 ದಿನ ತಡೆಹಿಡಿಯಬಹುದು. ಹಣಕಾಸಿನ ಬಿಲ್ಲಾದರೆ 21 ದಿನ. ಆಮೇಲೆ ಕೆಳಮನೆ ಹೇಳಿದ್ದೇ ನಡೆಯುತ್ತದೆ. ಇದು ಸುಮ್ನೆ ಖರ್ಚು ಎಂದು ಹೇಳಿ ಸರ್ಕಾರವೇ 2013ರಲ್ಲಿ ಮೇಲ್ಮನೆಯನ್ನು ಮುಚ್ಚಲು ಹೊರಟಿತ್ತು. ಅಕ್ಟೋಬರ್ 4ರಂದು ಜನಮತ ನಡೆಯಿತು. ಶೇ 51.7 ಜನ ಮುಚ್ಚುವುದು ಬೇಡ ಎಂದರು. ಕೂದಲೆಳೆಯಲ್ಲಿ ಉಳಿಯಿತು.

ಕಾರಿನ ಹೊಗೆಯ ಬಿಲ್ಲು ಆಗ ಅರ್ಧ ದಾರಿಯಲ್ಲಿತ್ತು. ಜನ ಇನ್ನೊಂದು ಕಡೆ ವಾಲಿದ್ದರೆ ಇಂಥ ಬಿಲ್ಲು ಹುಟ್ಟುವ ಜಾಗವೇ ಇರುತ್ತಿರಲಿಲ್ಲ. ಕ್ರೌನ್ ಅವರು ಮೇಲ್ಮನೆ ಮುಚ್ಚುವುದು ಬೇಡ, ಸುಧಾರಿಸೋಣ ಎನ್ನುವ ಕಡೆ ಇದ್ದರು. ಅದಕ್ಕೂ ಒಂದು ಬಿಲ್ಲು ತಂದರು.

ಸರಿ, ಕಾರಿನ ಬಿಲ್ಲಿನಲ್ಲಿ ಏನಿತ್ತು?

18 ವರ್ಷದೊಳಗಿನ ಯಾರಾದರೂ ಕಾರಿನಲ್ಲಿದ್ದರೆ ಅದರೊಳಗೆ ಯಾರೂ ತಂಬಾಕು ಸೇದುವಂತಿಲ್ಲ. ಡ್ರೈವರ್ ಆಗಲಿ, ಪಕ್ಕದ ಸೀಟಿನವರಾಗಲಿ. ತಿರುಳು ಇಷ್ಟೇ.

2012ರಲ್ಲಿ ಮೂವರು ಸೇರಿ ಮಂಡಿಸಿದರು. ಕ್ರೌನ್ ಒಬ್ಬರು. ಜಿಲಿಯನ್ ವ್ಯಾನ್ ಟರ್ನ್‌ಹೌಟ್ ಇನ್ನೊಬ್ಬರು. ಮಕ್ಕಳ ಹಕ್ಕುಗಳ ಸಂಘಟನೆಯನ್ನು ನಡೆಸಿ, ನಾಮಕರಣದಿಂದ ಬಂದಿದ್ದವರು. ಮೂರನೆಯವರು ಕೆರ್ರಿ ಜಿಲ್ಲೆಯ ಮಾರ್ಕ್ ಡೇಲಿ, ವಿರೋಧ ಪಕ್ಷವಾಗಿದ್ದ ಫಿಯಾನ ಫಾಲ್‌ನವರು. ಒಬ್ಬರು ಡಾಕ್ಟರು, ಒಬ್ಬರು ಮಕ್ಕಳ ಪರ ಕೆಲಸ ಮಾಡಿದವರು, ಒಬ್ಬರು ಪಕ್ಷ ರಾಜಕೀಯ ಗೊತ್ತಿದ್ದವರು. ಬಿಲ್ಲು ಉಳಿಯುವುದಕ್ಕೆ ಈ ಜೋಡಣೆಯೂ ಕಾರಣ ಎಂದು ನನಗನಿಸುತ್ತದೆ.

ಎಲ್ಲಾ ಬಿಟ್ಟು ಕಾರೇ ಯಾಕೆ?

2004ರ ಮಾರ್ಚ್ 29ರಂದು ಐರ್ಲೆಂಡ್ ಕೆಲಸದ ಜಾಗಗಳಲ್ಲಿ ಸಿಗರೇಟು ನಿಲ್ಲಿಸಿತು. ಪಬ್ಬುಗಳೂ ಸೇರಿ. ಇಡೀ ದೇಶಕ್ಕೆ ಅನ್ವಯಿಸುವ ಹಾಗೆ ಇದನ್ನು ಮಾಡಿದ್ದು ಜಗತ್ತಿನಲ್ಲೇ ಮೊದಲು. ಐರಿಷ್ ಪಬ್ಬು ಎಂದರೆ ಏನು ಎಂದು ಗೊತ್ತಿದ್ದವರಿಗೆ ಅದೆಷ್ಟು ದೊಡ್ಡ ಹೆಜ್ಜೆ ಎಂದೂ ಗೊತ್ತಾಗುತ್ತದೆ. ಬಾರ್‌ನಲ್ಲಿ ಕೆಲಸ ಮಾಡುವ ಹುಡುಗನ ಎದೆಗೆ ಅವತ್ತು ರಕ್ಷಣೆ ಸಿಕ್ಕಿತು. ಆದರೆ ಅದೇ ಊರಿನ ನಾಲ್ಕು ವರ್ಷದ ಮಗು ಅಪ್ಪನ ಕಾರಿನಲ್ಲಿ ಕೂತರೆ ಅದಕ್ಕೆ ಯಾವ ರಕ್ಷಣೆಯೂ ಇರಲಿಲ್ಲ.

ಇಲ್ಲಿಯ ಒಂದು ಚಳಿಗಾಲದ ಬೆಳಗ್ಗೆ ನೆನಪಿಸಿಕೊಳ್ಳಿ. ಎಂಟು ಗಂಟೆಗೂ ಇನ್ನೂ ಕತ್ತಲೆ. ಸಣ್ಣಗೆ ಮಳೆ. ಕಿಟಕಿ ಎಲ್ಲಾ ಮುಚ್ಚಿದೆ, ಹೀಟರ್ ಓಡುತ್ತಿದೆ, ಗಾಜಿನ ಮೇಲೆ ಉಸಿರಿನ ಮಂಜು. ಹಿಂದಿನ ಸೀಟಿನಲ್ಲಿ ಮಗುವನ್ನು ಚೈಲ್ಡ್ ಸೀಟಿನ ಬೆಲ್ಟು ಬಿಗಿದು ಕೂರಿಸಿದ್ದಾರೆ. ಮುಂದೆ ಒಬ್ಬರು ಸಿಗರೇಟು ಹಚ್ಚುತ್ತಾರೆ. ಆ ಮಗು ಎಲ್ಲಿಗೆ ಹೋಗಬೇಕು? ಮನೆಯಲ್ಲಾದರೆ ಎದ್ದು ಇನ್ನೊಂದು ಕೋಣೆಗೆ ಹೋಗಬಹುದು. ಇಲ್ಲಿ ಬೆಲ್ಟು ಬಿಚ್ಚುವುದಕ್ಕೂ ಅದಕ್ಕೆ ಬರುವುದಿಲ್ಲ. ಅಪಘಾತದಿಂದ ಕಾಪಾಡಲಿ ಎಂದು ನಾವೇ ಬಿಗಿದ ಬೆಲ್ಟು ಅದನ್ನು ಹೊಗೆಯ ಮಧ್ಯೆ ಕಟ್ಟಿಹಾಕಿರುತ್ತದೆ.

ನಾನು ಚಿಕ್ಕವಳಿದ್ದಾಗ ಅಜ್ಜಿ ಊರಿಗೆ ಹೋಗುವ ಬಾಡಿಗೆ ಜೀಪಿನಲ್ಲಿ ಹತ್ತು ಹನ್ನೆರಡು ಜನ ತುಂಬಿಕೊಳ್ಳುತ್ತಿದ್ದೆವು. ಮುಂದಿನ ಸೀಟಿನಲ್ಲಿ ಯಾರಾದರೊಬ್ಬರು ಬೀಡಿ ಹಚ್ಚಿಯೇ ಹಚ್ಚುತ್ತಿದ್ದರು. ನಾನು ಅಮ್ಮನ ಸೆರಗನ್ನು ಮೂಗಿಗೆ ಒತ್ತಿಕೊಂಡು ಕೂರುತ್ತಿದ್ದೆ. ಘಾಟಿಯಲ್ಲಿ ವಾಂತಿಯಾದರೆ ತಿರುವಿನಿಂದ ಎನ್ನುತ್ತಿದ್ದರು, ಹೊಗೆಯ ಮಾತು ಯಾರೂ ಎತ್ತುತ್ತಿರಲಿಲ್ಲ. ಈ ಕಾನೂನಿನ ಬಗ್ಗೆ ನನಗೆ ಇಷ್ಟು ಒಲವು ಯಾಕೆ ಎಂದು ಕೇಳುವವರಿಗೆ ಆ ಜೀಪೇ ಉತ್ತರ.

ಕಿಟಕಿ ತೆಗೆದರೆ ಸಾಕಲ್ವಾ?

ಸಾಕಾಗುವುದಿಲ್ಲ. ಕಾರು ಎಂದರೆ ಒಂದು ಸಣ್ಣ ಡಬ್ಬಿ. ಕಿಟಕಿ ಸ್ವಲ್ಪ ಇಳಿಸಿದರೆ ಮುಂದಿನವರಿಗೆ ಗಾಳಿ ಬರುತ್ತದೆ. ಹೊಗೆ ಹಲವು ಸಲ ಹಿಂದಕ್ಕೇ ತಿರುಗುತ್ತದೆ. ಹೊರಗೆ ಹೋಗದೆ ಉಳಿದದ್ದು ಸೀಟಿನ ಬಟ್ಟೆಗೆ, ಚಾವಣಿಗೆ ಅಂಟಿಕೊಳ್ಳುತ್ತದೆ.

ಮಕ್ಕಳ ವಿಷಯದಲ್ಲಿ ಇನ್ನೂ ಕಷ್ಟ. ಅವರು ದೊಡ್ಡವರಿಗಿಂತ ಬೇಗ ಬೇಗ ಉಸಿರಾಡುತ್ತಾರೆ. ಶ್ವಾಸನಾಳ ಸಣ್ಣದು. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಜಾಸ್ತಿ ರಾಸಾಯನಿಕಗಳಿವೆ. ಅದರಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಮಕ್ಕಳಲ್ಲಿ ಅಸ್ತಮಾ ಕೆರಳುವುದು, ಎದೆ ಕಟ್ಟುವುದು, ಮತ್ತೆ ಮತ್ತೆ ಕಿವಿ ಸೋರುವುದು ಎಲ್ಲಕ್ಕೂ ಈ ಹೊಗೆ ಒಂದು ಕಾರಣ. ಎಳೆ ಶಿಶುಗಳು ನಿದ್ದೆಯಲ್ಲೇ ತೀರಿಕೊಳ್ಳುವ ಅಪಾಯವನ್ನೂ ಇದು ಹೆಚ್ಚಿಸುತ್ತದೆ.

ನನ್ನ ಕಾರು, ನನ್ನ ಇಷ್ಟ ಎಂದು ಜನ ಹೇಳಲಿಲ್ವಾ?

ಹೇಳಿದರು. ಇವತ್ತು ಕಾರು, ನಾಳೆ ನನ್ನ ಮನೆಯ ಹಾಲ್‌ಗೆ ಬರುತ್ತೀರಾ ಎನ್ನುವ ಪ್ರಶ್ನೆ ಇಂಥ ಬಿಲ್ಲು ಬಂದ ಪ್ರತಿ ದೇಶದಲ್ಲೂ ಎದ್ದಿದೆ. ಪ್ರಶ್ನೆ ತಪ್ಪಲ್ಲ. ಸರ್ಕಾರ ಎಲ್ಲಿ ನಿಲ್ಲಬೇಕು ಎಂದು ಜನ ಕೇಳಲೇಬೇಕು.

ಆದರೆ ಕಾರು ಯಾವತ್ತೂ ಪೂರ್ತಿ ನಮ್ಮದಾಗಿರಲಿಲ್ಲ. ಬೆಲ್ಟು ಹಾಕಿ ಎಂದು ಕಾನೂನು ಹೇಳುತ್ತದೆ. ಮಗುವಿಗೆ ಸೀಟು ಹಾಕಿಸಿ ಎನ್ನುತ್ತದೆ. ಫೋನು ಕೈಯಲ್ಲಿ ಹಿಡಿಯಬೇಡಿ, ಕುಡಿದು ಓಡಿಸಬೇಡಿ ಎನ್ನುತ್ತದೆ. ಇಷ್ಟೆಲ್ಲ ಒಪ್ಪಿಕೊಂಡವರು ಸಿಗರೇಟಿನ ಹತ್ತಿರ ಬಂದು ಮಾತ್ರ ಸ್ವಾತಂತ್ರ್ಯದ ಮಾತೆತ್ತುವುದು ನನಗೆ ಸರಿ ಕಾಣುವುದಿಲ್ಲ. ಸೇದುವವರ ಸ್ವಾತಂತ್ರ್ಯ ಎಲ್ಲೂ ಹೋಗಿಲ್ಲ. ಗಾಡಿ ಪಕ್ಕಕ್ಕೆ ನಿಲ್ಲಿಸಿ, ಇಳಿದು ಸೇದಬಹುದು. ಮಗುವಿಗೆ ಮಾತ್ರ ಇಳಿಯುವ ಆಯ್ಕೆ ಇಲ್ಲ.

2012ರಲ್ಲಿ ಮಂಡಿಸಿದ್ದು 2016ರಲ್ಲಿ ಜಾರಿ. ಅಷ್ಟು ತಡ ಯಾಕೆ?

ಈ ಭಾಗವನ್ನೇ ನಾನು ಜಾಸ್ತಿ ಜನರಿಗೆ ಹೇಳುವುದು. ಐರಿಷ್ ಬಿಲ್ಲು ಐದು ಹಂತ ದಾಟಬೇಕು. ಮೊದಲ ಹಂತದಲ್ಲಿ ಮಂಡಿಸಲು ಅನುಮತಿ. ಎರಡನೆಯದರಲ್ಲಿ ತತ್ವದ ಚರ್ಚೆ, ಅಂದರೆ ಇಂಥ ಕಾನೂನು ಬೇಕೋ ಬೇಡವೋ. ಮೂರನೆಯದು ಕಮಿಟಿ ಹಂತ. ಇಲ್ಲಿ ಸಾಲು ಸಾಲು ಬಿಡಿಸಿ ನೋಡುತ್ತಾರೆ. ಆಮೇಲೆ ವರದಿ, ಕೊನೆಗೆ ಪಾಸು. ಇಷ್ಟೂ ಒಂದು ಮನೆಯಲ್ಲಿ ಮುಗಿದ ಮೇಲೆ ಇನ್ನೊಂದು ಮನೆಗೂ ಹೋಗಬೇಕು. ಕೊನೆಗೆ ರಾಷ್ಟ್ರಾಧ್ಯಕ್ಷರ ಸಹಿ.

ಪಕ್ಷ ಇಲ್ಲದ ಸೆನೆಟರ್‌ಗೆ ಇದು ಕಲ್ಲುಮುಳ್ಳಿನ ದಾರಿ. ಸರ್ಕಾರದ ಬಿಲ್ಲಿಗೆ ಸಮಯ ತಾನಾಗಿ ಸಿಗುತ್ತದೆ. ಇವರದ್ದಕ್ಕೆ ಸಿಗುವುದು ಖಾಸಗಿ ಸದಸ್ಯರಿಗೆ ಮೀಸಲಾದ ಒಂದಷ್ಟು ಗಂಟೆ. ಹಾಗೆ ಬಂದ ಬಹಳಷ್ಟು ಬಿಲ್ಲುಗಳು ಎರಡನೇ ಹಂತದಲ್ಲೇ ಸಾಯುತ್ತವೆ. ಇದು ಸಾಯಲಿಲ್ಲ. ಆಗಿನ ಆರೋಗ್ಯ ಮಂತ್ರಿ ಜೇಮ್ಸ್ ರೈಲಿ ಸ್ವತಃ ಡಾಕ್ಟರು, ತಂಬಾಕಿನ ಕಡು ವಿರೋಧಿ. ಸರ್ಕಾರ ಬಿಲ್ಲನ್ನು ತಳ್ಳಿಹಾಕದೆ ತತ್ವವನ್ನು ಒಪ್ಪಿಕೊಂಡಿತು.

ನಂತರ ತಿದ್ದುಪಡಿಗಳು ಬಂದವು. ರಸ್ತೆಯಲ್ಲಿ ಪೊಲೀಸರು ಇದನ್ನು ಹೇಗೆ ಹಿಡಿಯಬೇಕು, ದಂಡ ಹೇಗೆ ಕಟ್ಟಿಸಬೇಕು, ಆರೋಪಿಗೆ ಯಾವ ಸಮರ್ಥನೆ ಇರಬೇಕು ಎನ್ನುವುದನ್ನೆಲ್ಲ ಬಿಗಿಯಾಗಿ ಬರೆಯಬೇಕಿತ್ತು. ಹೆಸರೂ ಬದಲಾಯಿತು. 'ಯಾಂತ್ರಿಕ ವಾಹನಗಳಲ್ಲಿ ತಂಬಾಕಿನ ಹೊಗೆಯಿಂದ ಮಕ್ಕಳ ಆರೋಗ್ಯ ರಕ್ಷಣೆ' ಎಂಬರ್ಥದ ಉದ್ದನೆಯ ಹೆಸರಿನಲ್ಲಿ 2014ರ ಕಾಯಿದೆ ಆಯಿತು. ಜಾರಿಗೆ ಬಂದದ್ದು 2016ರ ಜನವರಿ 1ರಂದು.

ಈ ನಡುವೆ ಇಂಗ್ಲೆಂಡ್ ಮತ್ತು ವೇಲ್ಸ್ ಇದೇ ಬಗೆಯ ನಿಯಮವನ್ನು 2015ರ ಅಕ್ಟೋಬರ್ 1ರಂದು ಜಾರಿಗೆ ತಂದುಬಿಟ್ಟವು. ಮೂರು ತಿಂಗಳು ಮುಂಚೆ. ಓದುವಾಗ ನನಗೆ ಬೇಜಾರಾಯಿತು. ಆದರೆ ಒಬ್ಬ ಪಕ್ಷೇತರ ಸೆನೆಟರ್ ಮಂಡಿಸಿದ ಬಿಲ್ಲು ಕಾಯಿದೆಯಾಗುವುದೇ ಅಪರೂಪ. ನಾಲ್ಕು ವರ್ಷ ಒಂದೇ ವಿಷಯ ಹಿಡಿದು ಕೂತದ್ದು ಸಣ್ಣ ಮಾತಲ್ಲ.

ದಂಡ ಎಷ್ಟು? ಯಾರಿಗೆ?

ಸೇದಿದವರಿಗೆ ಸ್ಥಳದ ದಂಡ 100 ಯೂರೋ. ಕೋರ್ಟಿಗೆ ಹೋಗಿ ತಪ್ಪು ಸಾಬೀತಾದರೆ 1,000 ಯೂರೋವರೆಗೆ ಹೋಗಬಹುದು. ಹಿಡಿಯುವವರು ಗಾರ್ಡಾ, ಅಂದರೆ ಐರಿಷ್ ಪೊಲೀಸರು.

ನಾನು ಸೇದಲೇ ಇಲ್ಲ, ಪಕ್ಕದವರು ಸೇದಿದರು. ನನಗೂ ದಂಡವಾ?

ನೀವು ಡ್ರೈವರ್ ಆಗಿದ್ದರೆ ನಿಮ್ಮ ಮೇಲೂ ಬರಬಹುದು. ಗಾಡಿಯೊಳಗೆ ಏನು ನಡೆಯುತ್ತದೆ ಎನ್ನುವುದಕ್ಕೆ ಡ್ರೈವರ್ ಹೊಣೆ. ಕಾಯಿದೆ ಇಲ್ಲಿ ಒಂದು ವಿನಾಯಿತಿ ಇಟ್ಟಿದೆ. ಸುರಕ್ಷಿತವಾಗಿ ಗಾಡಿ ಓಡಿಸುವುದರ ಮೇಲೆ ಗಮನ ಇಡಬೇಕಿದ್ದರಿಂದ ಪಕ್ಕದವರನ್ನು ತಡೆಯಲು ಆಗಲಿಲ್ಲ ಎಂದು ಡ್ರೈವರ್ ತೋರಿಸಬಹುದು. ಕೂತವರೆಲ್ಲ 18 ದಾಟಿದವರು ಎಂದು ನಂಬಲು ಸರಿಯಾದ ಕಾರಣ ಇತ್ತು ಎನ್ನುವುದೂ ಒಂದು ಸಮರ್ಥನೆ.

ನನಗೆ ಬಹಳ ಇಷ್ಟವಾದ ಸಾಲು ಆ ಮೊದಲನೆಯದು. ಸಿಗರೇಟು ಕಿತ್ತುಕೊಳ್ಳಲು ಹೋಗಿ ಡ್ರೈವರ್ ಗಾಡಿಯನ್ನು ಗುದ್ದಿಬಿಟ್ಟರೆ? ಮಗುವಿನ ಶ್ವಾಸಕೋಶ ಉಳಿಸಲು ಹೋಗಿ ಮಗುವಿನ ಜೀವಕ್ಕೇ ಕುತ್ತು. ಬರೆದವರು ಅದನ್ನೂ ಯೋಚಿಸಿದ್ದಾರೆ.

ಹಾಗಾದರೆ ಇದು ಆರೋಗ್ಯದ ಕಾನೂನಾ, ರಸ್ತೆಯದ್ದಾ?

ಬರೆದದ್ದು ಆರೋಗ್ಯಕ್ಕೆ. ನಡೆಯುವುದು ರಸ್ತೆಯಲ್ಲಿ. ಎರಡೂ ಒಂದೇ ಗಾಡಿಯ ಎರಡು ಚಕ್ರ.

ಇಲ್ಲೊಂದು ಸ್ವಾರಸ್ಯ ಇದೆ. ಲಿಯೋ ವರಾಡ್ಕರ್ 2011ರಿಂದ 2014ರವರೆಗೆ ಸಾರಿಗೆ ಮಂತ್ರಿ. ಆಮೇಲೆ ಆರೋಗ್ಯ ಮಂತ್ರಿ. ಅವರೂ ಡಾಕ್ಟರೇ, ತಂದೆ ಮುಂಬೈಯಿಂದ ಬಂದವರು. ಮುಂದೆ ಪ್ರಧಾನಿಯೂ ಆದರು. ಕುಡಿದು ಓಡಿಸುವವರ ಮಿತಿ ಇಳಿದಾಗ ಅವರು ಸಾರಿಗೆ ನೋಡುತ್ತಿದ್ದರು. ಕಾರಿನ ಹೊಗೆಯ ಕಾನೂನು ಜಾರಿಯಾದಾಗ ಆರೋಗ್ಯ ನೋಡುತ್ತಿದ್ದರು.

ಅಂಕಿಗಳನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಈ ಬಿಲ್ಲು ಚರ್ಚೆಯಲ್ಲಿದ್ದ ವರ್ಷಗಳಲ್ಲಿ ಐರ್ಲೆಂಡಿನ ರಸ್ತೆಗಳಲ್ಲಿ ವರ್ಷಕ್ಕೆ 200ಕ್ಕಿಂತ ಕಡಿಮೆ ಜನ ಸಾಯುತ್ತಿದ್ದರು. ತಂಬಾಕಿನಿಂದ ಸಾಯುವವರು 5,000ಕ್ಕೂ ಜಾಸ್ತಿ ಎಂದು ಸರ್ಕಾರವೇ ಹೇಳುತ್ತಿತ್ತು. ಅಪಘಾತದ ಸುದ್ದಿ ರಾತ್ರಿಯ ವಾರ್ತೆಯಲ್ಲಿ ಬರುತ್ತದೆ. ತಂಬಾಕಿನ ಸಾವು ಒಂದೊಂದು ಮನೆಯಲ್ಲಿ ಸದ್ದಿಲ್ಲದೆ ಆಗುತ್ತದೆ.

ರಸ್ತೆ ಸುರಕ್ಷತೆಯ ಬಗ್ಗೆ ಮೇಲ್ಮನೆಯಲ್ಲಿ ಬೇರೆ ಏನು ಚರ್ಚೆ ಆಗಿದೆ?

ಬಹಳ ಆಗಿದೆ. 1972ರಲ್ಲಿ ಐರ್ಲೆಂಡಿನ ರಸ್ತೆಗಳಲ್ಲಿ 640 ಜನ ಸತ್ತರು. ಅದೇ ಅತಿ ಕೆಟ್ಟ ವರ್ಷ. 1997ರಲ್ಲೂ 472. ಅಲ್ಲಿಂದ ಇಳಿಯುತ್ತಾ ಬಂತು. 2002ರ ಅಕ್ಟೋಬರ್ 31ರಿಂದ ಪೆನಾಲ್ಟಿ ಪಾಯಿಂಟ್ ಪದ್ಧತಿ, ಅಂದರೆ ನಿಯಮ ಮುರಿದಾಗ ಲೈಸೆನ್ಸ್ ಮೇಲೆ ಬೀಳುವ ಅಂಕ. ಮೂರು ವರ್ಷದಲ್ಲಿ 12 ಪಾಯಿಂಟ್ ಆದರೆ ಆರು ತಿಂಗಳು ಲೈಸೆನ್ಸ್ ಇಲ್ಲ. 2006ರಲ್ಲಿ ರೋಡ್ ಸೇಫ್ಟಿ ಅಥಾರಿಟಿ ಹುಟ್ಟಿತು. ಅದೇ ವರ್ಷ, ಅನುಮಾನ ಇಲ್ಲದಿದ್ದರೂ ರಸ್ತೆಯಲ್ಲಿ ನಿಲ್ಲಿಸಿ ಉಸಿರು ಊದಿಸುವ ಅಧಿಕಾರ ಪೊಲೀಸರಿಗೆ ಬಂತು.

ಜಾಸ್ತಿ ಜಗಳ ಆದದ್ದು ಕುಡಿತದ ಮಿತಿಯ ಮೇಲೆ. 100 ಮಿಲಿಲೀಟರ್ ರಕ್ತದಲ್ಲಿ 80 ಮಿಲಿಗ್ರಾಂ ಆಲ್ಕೋಹಾಲ್ ಎಂದಿದ್ದ ಮಿತಿಯನ್ನು 50ಕ್ಕೆ ಇಳಿಸಿದರು. ಹೊಸದಾಗಿ ಕಲಿತವರಿಗೆ, ಟ್ಯಾಕ್ಸಿ-ಲಾರಿ-ಬಸ್ಸು ಓಡಿಸುವವರಿಗೆ 20. ಕಾಯಿದೆ 2010ರದ್ದು, ಜಾರಿಯಾದದ್ದು 2011ರ ಅಕ್ಟೋಬರ್ ಕೊನೆಗೆ. ಹಳ್ಳಿ ಕಡೆಯಿಂದ ಬಂದವರು ಒಂದು ಮಾತು ಎತ್ತುತ್ತಿದ್ದರು: ಹೊಲದ ಮಧ್ಯೆ ಒಂಟಿ ಮನೆಯಲ್ಲಿರುವ ಮುದುಕನಿಗೆ ಸಂಜೆ ಪಬ್ಬಿನಲ್ಲಿ ಕೂತು ನಾಲ್ಕು ಮಾತಾಡುವುದೊಂದೇ ಸಂಗ, ಬಸ್ಸಿಲ್ಲ, ಅದನ್ನೂ ಕಿತ್ತುಕೊಳ್ಳುತ್ತೀರಾ ಎಂದು. ಆ ನೋವು ನಿಜ. ಅದಕ್ಕೆ ಮದ್ದು ಹಳ್ಳಿಗೆ ಬಸ್ಸು ಬಿಡುವುದು. ಕುಡಿದು ಓಡಿಸಲು ಬಿಡುವುದು ಮದ್ದಲ್ಲ ಎಂದು ನನ್ನ ಗಟ್ಟಿ ಅಭಿಪ್ರಾಯ.

2018ರ ಕಾಯಿದೆ ಇನ್ನೂ ಬಿಗಿ ಮಾಡಿತು. ಮೊದಲ ಸಲ 50ರಿಂದ 80ರ ಒಳಗೆ ಸಿಕ್ಕಿಬಿದ್ದರೂ ಮೂರು ತಿಂಗಳು ಲೈಸೆನ್ಸ್ ಹೋಗುತ್ತದೆ. ಮೊದಲು ಅದಕ್ಕೆ ದಂಡ ಮತ್ತು ಪಾಯಿಂಟ್ ಮಾತ್ರ ಬೀಳುತ್ತಿತ್ತು.

ಈ ಊದಿಸುವ, ರಕ್ತ ನೋಡುವ ಕೆಲಸದ ಹಿಂದೆ ಇರುವುದೂ ಆರೋಗ್ಯದವರೇ. ಯೂನಿವರ್ಸಿಟಿ ಕಾಲೇಜ್ ಡಬ್ಲಿನ್‌ನಲ್ಲಿರುವ ಮೆಡಿಕಲ್ ಬ್ಯೂರೋ ಆಫ್ ರೋಡ್ ಸೇಫ್ಟಿ ಮಾದರಿಗಳನ್ನು ಪರೀಕ್ಷೆ ಮಾಡುತ್ತದೆ. 2017ರ ಏಪ್ರಿಲ್‌ನಿಂದ ರಸ್ತೆ ಬದಿಯಲ್ಲೇ ಜೊಲ್ಲು ತೆಗೆದು ಮಾದಕ ವಸ್ತು ಪರೀಕ್ಷೆಯೂ ನಡೆಯುತ್ತಿದೆ.

ಕಲಿಯುವವರು ಒಬ್ಬರೇ ಓಡಿಸಿದರೆ ಕಾರಿನ ಮಾಲೀಕರ ಮೇಲೂ ಕೇಸಾ?

ಹೌದು. 2015ರ ಡಿಸೆಂಬರ್‌ನಲ್ಲಿ ಕಾರ್ಕ್ ಜಿಲ್ಲೆಯಲ್ಲಿ ಒಂದು ಅಪಘಾತ ಆಯಿತು. ಜೊತೆಗೆ ಯಾರೂ ಇಲ್ಲದೆ ಓಡಿಸುತ್ತಿದ್ದ ಕಲಿಕಾ ಚಾಲಕರ ಕಾರು ಗುದ್ದಿ ತಾಯಿ, ಮಗಳು ಇಬ್ಬರೂ ತೀರಿಕೊಂಡರು. ಉಳಿದ ಆ ಮನೆಯವರು ಸುಮ್ಮನೆ ಕೂರಲಿಲ್ಲ. ಲೆನ್‌ಸ್ಟರ್ ಹೌಸಿಗೆ ಹೋಗಿ, ಮಂತ್ರಿಗಳನ್ನು ಕಂಡು, ಕಾರು ಕೊಟ್ಟವರೂ ಹೊಣೆ ಹೊರಬೇಕು ಎಂದು ಕೇಳಿದರು. 2018ರ ಕಾಯಿದೆಯಲ್ಲಿ ಅದು ಸೇರಿತು. ಅದೇ ವರ್ಷದ ಡಿಸೆಂಬರ್ 22ರಿಂದ ಜಾರಿ. ಗೊತ್ತಿದ್ದೂ ಕಾರು ಕೊಟ್ಟ ಮಾಲೀಕರ ಮೇಲೆ ಕೇಸು ಬೀಳುತ್ತದೆ, ಗಾರ್ಡಾ ಕಾರನ್ನೂ ವಶಕ್ಕೆ ಪಡೆಯಬಹುದು.

ಸೆನೆಟರ್‌ಗಳು ಊರಿನ ಸಣ್ಣ ಸಮಸ್ಯೆಗಳನ್ನೂ ಎತ್ತುತ್ತಾರಾ?

ದಿನಾ ಎತ್ತುತ್ತಾರೆ. ಕಲಾಪದ ಶುರುವಿನಲ್ಲಿ 'ಕಮೆನ್ಸ್‌ಮೆಂಟ್ ಮ್ಯಾಟರ್ಸ್' ಎಂದು ಒಂದು ಸಮಯ ಇದೆ. ಒಬ್ಬ ಸೆನೆಟರ್ ಎದ್ದು ಒಂದೇ ವಿಷಯ ಹೇಳುತ್ತಾರೆ. ಮಂತ್ರಿಯೊಬ್ಬರು ಅಲ್ಲೇ ಕೂತು ಉತ್ತರ ಕೊಡಬೇಕು. ಶಾಲೆ ಮುಂದೆ ರಸ್ತೆ ದಾಟಲು ಗುರುತಿಲ್ಲ, ಆಂಬುಲೆನ್ಸ್ ತಡವಾಗುತ್ತಿದೆ, ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ರೋಗಿಗಳು ಟ್ರಾಲಿ ಮೇಲೆ ಮಲಗಿದ್ದಾರೆ, ಇಂಥವು. ಆ ಟ್ರಾಲಿಗಳ ಲೆಕ್ಕವನ್ನು ನರ್ಸುಗಳ ಸಂಘ ಪ್ರತಿದಿನ ಹೊರಗೆ ಹಾಕುತ್ತದೆ. ಆರೋಗ್ಯ ಚರ್ಚೆ ಬಂದರೆ ಆ ಅಂಕಿಯಿಂದಲೇ ಮಾತು ಶುರು. ವಾರ್ಡುಗಳಲ್ಲಿ ಓಡಾಡುವ ನರ್ಸುಗಳಲ್ಲಿ ಭಾರತದವರು ಬಹಳ ಇದ್ದಾರೆ, ಆದ್ದರಿಂದ ಇದು ನಮ್ಮವರ ಮಾತೂ ಹೌದು.

ಮೇಲ್ಮನೆಯಿಂದ ಬಂದ ಬೇರೆ ಆರೋಗ್ಯ ಕಾನೂನು ಇದೆಯಾ?

ಮದ್ಯದ ಕಾಯಿದೆ. ಆ ಬಿಲ್ಲನ್ನು ಸರ್ಕಾರ 2015ರ ಡಿಸೆಂಬರ್‌ನಲ್ಲಿ ಮೊದಲು ಮಂಡಿಸಿದ್ದು ಶ್ಯಾನಡ್‌ನಲ್ಲೇ. ಗಾಯಕಿ ಫ್ರಾನ್ಸಸ್ ಬ್ಲ್ಯಾಕ್ 2016ರಲ್ಲಿ ಸೆನೆಟರ್ ಆದ ಮೇಲೆ ಅದರ ಬೆನ್ನಿಗೆ ನಿಂತರು. 2018ರಲ್ಲಿ ಕಾಯಿದೆ ಆಯಿತು. ಒಂದು ಗ್ರಾಂ ಆಲ್ಕೋಹಾಲ್‌ಗೆ ಕನಿಷ್ಠ 10 ಸೆಂಟ್ ಬೆಲೆ ಎನ್ನುವ ನಿಯಮ 2022ರ ಜನವರಿ 4ರಿಂದ ಜಾರಿಯಲ್ಲಿದೆ.

ಸೋತದ್ದೂ ಇದೆ. 1971ರಲ್ಲಿ ಯುವ ಸೆನೆಟರ್ ಮೇರಿ ರಾಬಿನ್ಸನ್ ಇನ್ನಿಬ್ಬರ ಜೊತೆ ಗರ್ಭನಿರೋಧಕಗಳನ್ನು ಕಾನೂನುಬದ್ಧ ಮಾಡುವ ಬಿಲ್ಲು ತಂದರು. ಅದಕ್ಕೆ ಮೊದಲ ಹಂತವೇ ಸಿಗಲಿಲ್ಲ. ಅವರು ಆಮೇಲೆ ದೇಶದ ಅಧ್ಯಕ್ಷರಾದರು.

ನಾವು ಈಗಷ್ಟೇ ಐರ್ಲೆಂಡಿಗೆ ಬಂದಿದ್ದೇವೆ. ಕಾರಿನ ವಿಷಯದಲ್ಲಿ ಏನೇನು ಗೊತ್ತಿರಬೇಕು?

ಗಾಡಿ ಎಡಗಡೆ, ಊರಿನ ಹಾಗೇ. ಅಷ್ಟಕ್ಕೇ ಮೈಮರೆಯಬೇಡಿ. ಭಾರತದ ಲೈಸೆನ್ಸನ್ನು ಇಲ್ಲಿ ನೇರವಾಗಿ ಬದಲಾಯಿಸಿ ಕೊಡುವುದಿಲ್ಲ. ಇಲ್ಲಿಯೇ ನೆಲೆಸುವವರು ಥಿಯರಿ ಪರೀಕ್ಷೆ, ಲರ್ನರ್ ಪರ್ಮಿಟ್, ಕಡ್ಡಾಯ ತರಗತಿಗಳು, ಆಮೇಲೆ ಡ್ರೈವಿಂಗ್ ಟೆಸ್ಟ್ ಹೀಗೆ ಬರಬೇಕು. ಊರಲ್ಲಿ ಹದಿನೈದು ವರ್ಷ ಓಡಿಸಿದವರಿಗೆ ಇದು ಬೇಜಾರಿನ ಮಾತು, ಗೊತ್ತು. ಆದರೂ ಆ ತರಗತಿಗಳಿಂದ ನನಗೆ ನಿಜವಾಗಿ ಉಪಯೋಗ ಆಯಿತು. ರೌಂಡ್‌ಅಬೌಟ್‌ನಲ್ಲಿ ಯಾವ ಲೇನ್ ಹಿಡಿಯಬೇಕು ಎಂದು ನನಗೆ ಅಲ್ಲಿಯವರೆಗೆ ಸರಿಯಾಗಿ ಗೊತ್ತೇ ಇರಲಿಲ್ಲ.

ಲರ್ನರ್ ಪರ್ಮಿಟ್ ಇದ್ದಾಗ ಕನಿಷ್ಠ ಎರಡು ವರ್ಷ ಪೂರ್ತಿ ಲೈಸೆನ್ಸ್ ಇಟ್ಟುಕೊಂಡವರು ಪಕ್ಕದಲ್ಲಿರಲೇಬೇಕು. ಪಾಸಾದ ಮೇಲೆ ಎರಡು ವರ್ಷ ಹೊಸ ಚಾಲಕರು ಎಂದು ತೋರಿಸುವ 'ಎನ್' ಪ್ಲೇಟ್. ಈ ಎರಡೂ ಹಂತದಲ್ಲಿ 12 ಅಲ್ಲ, 7 ಪಾಯಿಂಟ್‌ಗೇ ಲೈಸೆನ್ಸ್ ಹೋಗುತ್ತದೆ. ವೇಗ ಮೀರಿದರೆ 160 ಯೂರೋ ಮತ್ತು 3 ಪಾಯಿಂಟ್. 2025ರ ಫೆಬ್ರುವರಿ 7ರಿಂದ ಸಣ್ಣ ಹಳ್ಳಿ ರಸ್ತೆಗಳಲ್ಲಿ ಸಾಮಾನ್ಯ ಮಿತಿ ಗಂಟೆಗೆ 80ರಿಂದ 60 ಕಿಲೋಮೀಟರ್‌ಗೆ ಇಳಿದಿದೆ.

ಮಕ್ಕಳು 150 ಸೆಂಟಿಮೀಟರ್ ಎತ್ತರ ಅಥವಾ 36 ಕಿಲೋ ತೂಕ ದಾಟುವವರೆಗೆ ಅವರಿಗೆ ತಕ್ಕ ಸೀಟು ಬೇಕು. ಸ್ವಲ್ಪ ದೂರ ತಾನೇ, ತೊಡೆ ಮೇಲೆ ಕೂರಿಸಿಕೊಳ್ಳುತ್ತೇನೆ ಎನ್ನುವುದು ಇಲ್ಲಿ ನಡೆಯುವುದಿಲ್ಲ. ಊರಿನಿಂದ ಬಂದ ಅಜ್ಜ ಮೊಮ್ಮಗನ ಪಕ್ಕ ಕೂತು ಸಿಗರೇಟು ತೆಗೆದರೆ ಮೆಲ್ಲಗೆ ಹೇಳಿ, ಗಾಡಿ ನಿಲ್ಲಿಸಿ, ಇಳಿಸಿ.

ಕರ್ನಾಟಕದಲ್ಲಿ ಇಂಥ ಕಾನೂನು ಇದೆಯಾ?

2008ರ ಅಕ್ಟೋಬರ್ 2ರಿಂದ ಇಡೀ ಭಾರತದಲ್ಲಿ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷೇಧ ಇದೆ. ಬಸ್ಸು, ರೈಲು ಎಲ್ಲ ಅದರಲ್ಲಿ ಬರುತ್ತವೆ. ಆದರೆ ಅದು ಸಾರ್ವಜನಿಕ ಜಾಗದ ನಿಯಮ. ಸ್ವಂತ ಕಾರಿನಲ್ಲಿ ಕೂತ ಮಗುವನ್ನು ಹೆಸರಿಸಿ ಬರೆದದ್ದಲ್ಲ. ಪರಿಷತ್ತಿನ ಪದವೀಧರ ಕ್ಷೇತ್ರದಿಂದ ಗೆದ್ದ ಒಬ್ಬರು ಇಂಥ ಖಾಸಗಿ ಬಿಲ್ಲು ತಂದರೆ ನಾನು ಮೊದಲು ಪತ್ರ ಬರೆದು ಬೆಂಬಲ ಹೇಳುತ್ತೇನೆ.

ಕಾನೂನು ಬಂದದ್ದರಿಂದ ನಿಜವಾಗಿ ಏನಾದರೂ ಬದಲಾಯಿತಾ?

ಓಡುವ ಕಾರಿನ ಹಿಂದಿನ ಸೀಟಿನಲ್ಲಿ ಮಗು ಇದೆಯಾ, ಅದೇ ಹೊತ್ತಿಗೆ ಮುಂದೆ ಸಿಗರೇಟು ಉರಿಯುತ್ತಿದೆಯಾ ಎಂದು ಪೊಲೀಸರಿಗೆ ಕಾಣುವುದು ಕಷ್ಟ. ಅದನ್ನು ಒಪ್ಪಿಕೊಳ್ಳಲೇಬೇಕು. ಇಂಥ ಕಾನೂನು ಪೊಲೀಸರಿಗಿಂತ ಜಾಸ್ತಿ ಮನೆಯವರ ಕೈಯಲ್ಲಿ ಕೆಲಸ ಮಾಡುತ್ತದೆ. ಮೊದಲು ಹೆಂಡತಿ ಹೇಳಿದರೆ ಅದು ಕಿರಿಕಿರಿ ಆಗುತ್ತಿತ್ತು. ಈಗ ಕಾನೂನೇ ಹಾಗಿದೆ ಎನ್ನಬಹುದು. ಏಳು ವರ್ಷದ ಮಗು ಕೂಡ ಹೇಳಬಹುದು. ನಮ್ಮ ಮನೆ ಹತ್ತಿರದ ಶಾಲೆಯ ಗೇಟಿನಲ್ಲಿ ನಾನು ಒಂದು ದೃಶ್ಯ ನೋಡಿದ್ದೇನೆ. ಅಪ್ಪ ಮಳೆಯಲ್ಲೇ ಕಾರಿನ ಹೊರಗೆ ನಿಂತು, ಕೋಟಿನ ಟೋಪಿ ಎಳೆದುಕೊಂಡು, ಸಿಗರೇಟು ಮುಗಿಸಿ, ಕೈ ಒರೆಸಿಕೊಂಡು ಒಳಗೆ ಬಂದ. ಮಗಳು ಒಳಗಿನಿಂದ ಗಾಜಿನ ಮಂಜಿನ ಮೇಲೆ ಬೆರಳಿನಲ್ಲಿ ಚಿತ್ರ ಬರೆಯುತ್ತಾ ಕೂತಿದ್ದಳು.

ಮುಂದೇನು ಬರಲಿದೆ?

ತಂಬಾಕು ಕೊಳ್ಳುವವರ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸುವ ಕಾಯಿದೆ 2024ರಲ್ಲಿ ಪಾಸಾಗಿದೆ. 2028ರ ಫೆಬ್ರುವರಿಯಲ್ಲಿ ಜಾರಿಗೆ ಬರಬೇಕು. ರಸ್ತೆ ಕಡೆ ಪರಿಸ್ಥಿತಿ ಅಷ್ಟು ಚೆನ್ನಾಗಿಲ್ಲ. ಎಷ್ಟೋ ವರ್ಷ ಇಳಿಯುತ್ತಿದ್ದ ಸಾವು 2023ರಲ್ಲಿ ಮತ್ತೆ 180 ದಾಟಿತು. ಹಾಗಾಗಿ ಶ್ಯಾನಡ್‌ನಲ್ಲಿ ರಸ್ತೆಯ ಮಾತು ಮತ್ತೆ ಮುಂದಕ್ಕೆ ಬಂದಿದೆ.

ಈ ಚರ್ಚೆಗಳನ್ನು ನಾವೂ ಓದಬಹುದಾ?

ಓದಬಹುದು. 1922ರಿಂದ ಇವತ್ತಿನವರೆಗೆ ಆಡಿದ ಪ್ರತಿ ಮಾತನ್ನು ಐರಿಷ್ ಸಂಸತ್ತು ಬರೆದಿಟ್ಟು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಸೆನೆಟರ್ ಹೆಸರು ಹಾಕಿ ಹುಡುಕಿದರೆ ಅವರು ಯಾವತ್ತು ಏನು ಹೇಳಿದರು ಎಲ್ಲಾ ಸಿಗುತ್ತದೆ. ಮೊದಲು ಎರಡನೇ ಹಂತದ ಚರ್ಚೆ ಓದಿ. ಯಾರು ಯಾಕೆ ಒಪ್ಪಿದರು, ಯಾರಿಗೆ ಎಲ್ಲಿ ಅಳುಕು ಎನ್ನುವುದು ಅಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಕ್ರೌನ್ ಈಗಲೂ ಸೆನೆಟರ್ ಆಗಿದ್ದಾರಾ?

ಇಲ್ಲ. ಕಾನೂನು ಜಾರಿಯಾದದ್ದು 2016ರ ಜನವರಿ 1ರಂದು. ಅದೇ ವರ್ಷ ಅವರ ಅವಧಿ ಮುಗಿಯಿತು. ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಲೆನ್‌ಸ್ಟರ್ ಹೌಸ್ ಬಿಟ್ಟು ತಮ್ಮ ಕ್ಯಾನ್ಸರ್ ರೋಗಿಗಳ ಕಡೆ ಹೋದರು.